ಟಿಕ್ ಅಂದಿತು, ಹಾಡು ನಿಂತಿತು

ಬೆಳಗ್ಗೆ ಹನ್ನೊಂದರ ಹೊತ್ತಿಗೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೈಗಾಡಿ, ಸ್ಕೂಟರುಗಳ ನಡುವೆ ಸಿಕ್ಕಷ್ಟು ಜಾಗದಲ್ಲೇ ಹೆಜ್ಜೆಯಿಡಬೇಕು. ತೂಗುಬಿಟ್ಟ ವೈರಿನ ಸುರುಳಿಗಳು, ಗೋಣಿಚೀಲದ ಮೇಲೆ ಹುರುಳಿಕಾಳಿನ ಹಾಗೆ ರಾಶಿಬಿದ್ದ ಸ್ಕ್ರೂಗಳು, ಎಲ್ಲಿಂದಲೋ ತೇಲಿಬರುವ ಊದುಬತ್ತಿಯ ಹೊಗೆ. ಇವನ್ನೆಲ್ಲ ದಾಟಿ ಓಣಿಯೊಂದಕ್ಕೆ ಹೊರಳಿದರೆ, ಇಬ್ಬರು ನಿಂತರೆ ಮೂರನೆಯವರು ಹೊರಗೇ ಉಳಿಯುವಷ್ಟು ಪುಟ್ಟ ರಿಪೇರಿ ಅಂಗಡಿ. ಬನ್ನಿ, ಹೊಸ್ತಿಲಿಗೆ ಒರಗಿ ನಿಲ್ಲೋಣ.

ವಯಸ್ಸಾದ ಹೆಂಗಸೊಬ್ಬರು ಹಳೆಯ ಹಾಸುಬಟ್ಟೆಯಲ್ಲಿ ಸುತ್ತಿದ ಸ್ಟೀರಿಯೊ ರಿಸೀವರನ್ನು ಮೇಜಿನ ಮೇಲಿಟ್ಟು ಗಂಟು ಬಿಚ್ಚುತ್ತಿದ್ದಾರೆ. “ಹಾಡ್ತಾ ಹಾಡ್ತಾ ಕಾಲು ಗಂಟೆ ಆಗ್ತಿದ್ದಂಗೆ ಟಿಕ್ ಅಂತ ಆಫ್ ಆಗ್ಬಿಡತ್ತಪ್ಪಾ. ಮುಟ್ಟಿದ್ರೆ ಕೈ ಸುಡತ್ತೆ. ನಮ್ಮ ಯಜಮಾನ್ರು ಆಸೆಪಟ್ಟು ತಂದಿದ್ದು. ಗುಜರಿಗೆ ಹಾಕ್ಬೇಕೇನೋ?”

“ಗುಜರಿ ಮಾತು ಯಾಕಮ್ಮಾ ಈಗ್ಲೇ? ಯಾವಾಗ ಆಫ್ ಆಗತ್ತೆ ಅಂತ ಹೇಳಿದ್ರಲ್ಲ, ಅರ್ಧ ಕೆಲಸ ಆಯ್ತು” ಎನ್ನುತ್ತಾರೆ ಮೆಕ್ಯಾನಿಕ್. ಹಾಕಿದ ಕೂಡಲೇ ಆರಿದರೆ ಒಳಗೆಲ್ಲೋ ಶಾರ್ಟ್. ಸೌಂಡು ಏರಿಸಿದಾಗ ಆರಿದರೆ ಸ್ಪೀಕರ್ ವೈರಿನ ಎಳೆಯೊಂದು ಪಕ್ಕದ ಪಿನ್ನಿಗೆ ತಾಗಿರಬಹುದು. ಹಾಡಿ ಹಾಡಿ ಆರಿದರೆ ಮೊದಲ ಅನುಮಾನ ಬಿಸಿಯ ಮೇಲೆ.

ಮುಚ್ಚಳ ಎತ್ತಿದೊಡನೆ ಅಟ್ಟದ ಮೇಲಿನ ಹಳೇ ಪೆಟ್ಟಿಗೆಯ ವಾಸನೆ. ಅಲ್ಯೂಮಿನಿಯಂ ಪಟ್ಟಿಗಳ ಸಂದಿನಲ್ಲಿ ಹತ್ತಿಯಂತೆ ಗಟ್ಟಿಯಾದ ಧೂಳು, ಮೂಲೆಯಲ್ಲಿ ಹಲ್ಲಿಮೊಟ್ಟೆಯ ಸಿಪ್ಪೆ. ಬಣ್ಣ ಬಳಿಯುವ ಬ್ರಶ್ಶಿನಿಂದ ಅದನ್ನೆಲ್ಲ ಮೆಲ್ಲಗೆ ಗುಡಿಸಿ, 100 ವಾಟಿನ ಸೀರೀಸ್ ಬಲ್ಬಿನ ಮೂಲಕ ಕರೆಂಟು ಕೊಡುತ್ತಾರೆ. ಬಲ್ಬು ಒಮ್ಮೆ ಭಗ್ಗನೆ ಹೊತ್ತಿ, ಸಂಜೆಯ ದೀಪದ ಹಾಗೆ ಮಂಕಾಗುತ್ತದೆ. ಒಳಗೆ ಶಾರ್ಟ್ ಇದ್ದಿದ್ದರೆ ಅದು ಉರಿಯುತ್ತಲೇ ಇರುತ್ತಿತ್ತು. ನಾಲ್ಕೈದು ಸೆಕೆಂಡು ಕಳೆದು ‘ಟಿಕ್’: ರಿಲೇ ಕೂತ ಸದ್ದು. ಸ್ಪೀಕರಿಗೆ ಹೋಗುವ ದಾರಿಯಲ್ಲಿ ಡಿಸಿ ಕರೆಂಟು ನುಗ್ಗಿದರೆ ಸ್ಪೀಕರಿನ ಕಾಯಿಲ್ ಸುಟ್ಟುಹೋಗುತ್ತದೆ. ಅದಕ್ಕೇ ಈ ರಿಲೇ ಬಾಗಿಲ ಕಾವಲುಗಾರನಂತೆ, ಎಲ್ಲ ಸರಿಯಿದೆ ಎಂದು ಖಾತ್ರಿಯಾದ ಮೇಲಷ್ಟೇ ದಾರಿ ಬಿಡುತ್ತದೆ, ಏನಾದರೂ ಎಡವಟ್ಟಾದರೆ ಮುಚ್ಚಿಬಿಡುತ್ತದೆ. ಸ್ಪೀಕರ್ ಪಿನ್ನುಗಳಿಗೆ ಮೀಟರಿನ ಮೊನೆಗಳನ್ನು ತಾಗಿಸಿದರೆ ಡಿಸಿ ಬರೀ 12 ಮಿಲಿವೋಲ್ಟ್. 50ರೊಳಗಿದ್ದರೆ ಭಯವಿಲ್ಲ.

ಬಲ್ಬು ತೆಗೆದು ನೇರ 230 ವೋಲ್ಟ್ ಕೊಟ್ಟು, ಅಂಗಡಿಯ ಸ್ಪೀಕರಿಗೆ ಜೋಡಿಸಿ, 102.9ರಲ್ಲಿ ವಿವಿಧ ಭಾರತಿ ಹಿಡಿಯುತ್ತಾರೆ. ಹಳೆಯ ಚಿತ್ರಗೀತೆಯೊಂದು ಓಣಿಗೆ ಹರಿಯುತ್ತದೆ. ಬೈಟು ಟೀ ಬರುತ್ತದೆ. ಲೋಟ ಬರಿದಾಗುವ ಹೊತ್ತಿಗೆ ಟಿಕ್, ಮೌನ.

ಧೂಳು ಹೋದರೂ ಕಾಯಿಲೆ ಉಳಿದಿದೆ. ಮತ್ತೆ ಹಾಕಿ, ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಬೋರ್ಡಿನ ಉದ್ದಕ್ಕೂ ತಟ್ಟುತ್ತಾ ಹೋಗುತ್ತಾರೆ, ತೆಂಗಿನಕಾಯಿ ತಟ್ಟಿ ನೋಡುವ ಹಾಗೆ. ಪವರ್ ಸಪ್ಲೈ ಹತ್ತಿರ ಬಂದಾಗ ಟಿಕ್. ಭೂತಗನ್ನಡಿ ಹಿಡಿದರೆ ರೆಗ್ಯುಲೇಟರಿನ ಕಾಲಿನ ಸುತ್ತ ಕೂದಲೆಳೆಯಷ್ಟು ತೆಳ್ಳಗಿನ, ಬಳೆಯಾಕಾರದ ಬಿರುಕು. “ಡ್ರೈ ಸೋಲ್ಡರ್. ದಿನಾ ಕಾದು, ಹಿಗ್ಗಿ, ಆರಿ, ಕುಗ್ಗಿ ಹೀಗಾಗಿದೆ.” ಆ ಬಿರುಕು ಬಾಯಿಬಿಟ್ಟಾಗಲೆಲ್ಲ ವೋಲ್ಟೇಜು ಅಲುಗಿದೆ, ಕಾವಲುಗಾರ ಬಾಗಿಲು ಮುಚ್ಚಿದ್ದಾನೆ. ಗುಜರಿಗೆ ಹೋಗಬೇಕಿದ್ದ ಪೆಟ್ಟಿಗೆ ಇಷ್ಟು ದಿನವೂ ತನ್ನ ಸ್ಪೀಕರುಗಳನ್ನು ಕಾಯುತ್ತಲೇ ಇತ್ತು.

ಪ್ಲಗ್ ಕಿತ್ತು, ದಪ್ಪ ಕೆಪಾಸಿಟರುಗಳಲ್ಲಿ ಉಳಿದ ಕರೆಂಟನ್ನು ರೆಸಿಸ್ಟರ್ ಇಟ್ಟು ಇಳಿಸಿದ ಮೇಲೆಯೇ ಬೆಸುಗೆಯ ಕಡ್ಡಿ ತಾಗಿಸುತ್ತಾರೆ. 63 ಪಾಲು ತವರ, 37 ಪಾಲು ಸೀಸದ ತಂತಿ 183 ಡಿಗ್ರಿಗೆ ಕರಗಿ, ರಾಳದ ಘಾಟು ಎಬ್ಬಿಸಿ, ಬೆಳ್ಳಿಯ ಹನಿಯಾಗಿ ಕಾಲನ್ನು ಅಪ್ಪಿಕೊಳ್ಳುತ್ತದೆ.

“ಮನೇಲಿ ಇದರ ಮೇಲೆ ಏನಿಟ್ಟಿದ್ರಿ ಅಮ್ಮಾ?”

“ಧೂಳು ಕೂರ್ಬಾರ್ದು ಅಂತ ಕ್ರೋಶಾ ಬಟ್ಟೆ. ಅದರ ಮೇಲೆ ಸೆಟ್‌ಟಾಪ್ ಬಾಕ್ಸು.”

“ಎರಡೂ ಬೇಡ. ಮೇಲೆ ಒಂದು ಗೇಣು ಜಾಗ ಬಿಡಿ. ಬಿಸಿಗಾಳಿ ಹೋಗ್ಲಿ.”

ಹಾಡು ಮತ್ತೆ ಶುರು. ಈ ಸಲ ಯಾರೂ ಮಾತಾಡುವುದಿಲ್ಲ. ಅಮ್ಮನ ಕಣ್ಣು ಗೋಡೆಯ ಗಡಿಯಾರದ ಮೇಲೆ. ಹತ್ತು ನಿಮಿಷ, ಹದಿನೈದು, ಇಪ್ಪತ್ತೈದು. ಅವರು ಮೆಲ್ಲಗೆ ಕೈಚಾಚಿ ಮುಚ್ಚಳದ ಮೇಲೆ ಅಂಗೈ ಇಡುತ್ತಾರೆ. ಬೆಚ್ಚಗಿದೆ, ಅಷ್ಟೇ. ಹಾಡು ಮುಗಿಯುವವರೆಗೂ ಅವರು ಆ ಕೈ ತೆಗೆಯಲಿಲ್ಲ.