ನಿಮಗಿದು ಗೊತ್ತೆ? ‘ಮೆಕ್‌ಟೀಗ್’ ಬರೆದವನಿಗೆ ಅದು ರಮ್ಯ ಕಾದಂಬರಿ!

ಸ್ಯಾನ್ ಫ್ರಾನ್ಸಿಸ್ಕೋದ ಪೋಲ್ಕ್ ಬೀದಿಯ ದಂತವೈದ್ಯನೊಬ್ಬನ ಅಧಃಪತನದ ಕಥೆ, ಫ್ರಾಂಕ್ ನಾರಿಸ್‌ನ ‘ಮೆಕ್‌ಟೀಗ್’ (1899), ಸಾಮಾನ್ಯವಾಗಿ ವಾಸ್ತವವಾದದ ಲೆಕ್ಕಕ್ಕೇ ಸೇರುತ್ತದೆ. ಆದರೆ ನಾರಿಸ್, ವಿಮರ್ಶಕನಾಗಿ, ಫ್ರೆಂಚ್ ಕಾದಂಬರಿಕಾರ ಜೋಲಾನ ನಿಸರ್ಗವಾದ ಅಸಾಮಾನ್ಯವನ್ನು ಅರಸುವ ರಮ್ಯ ಸಾಹಿತ್ಯದ್ದೇ ಕವಲು ಎಂದು 1896ರಲ್ಲೇ ವಾದಿಸಿದ್ದ. ಕಾದಂಬರಿಯೇ ಇದಕ್ಕೆ ಸಾಕ್ಷಿ: ಬೀದಿಯ ದಿನಚರಿಯನ್ನು ಬೆಳಗಿನಿಂದ ರಾತ್ರಿಯವರೆಗೆ ಬಿಡದೆ ದಾಖಲಿಸುವ ಲೇಖನಿಯೇ, ದಂತವೈದ್ಯನ ಹೆಂಡತಿ ಟ್ರೀನಾ ಹಾಸಿಗೆಯಲ್ಲಿ ಚಿನ್ನದ ನಾಣ್ಯ ಹರಡಿಕೊಂಡು ಮಲಗುವುದನ್ನೂ ಬರೆಯುತ್ತದೆ, ಕೊನೆಗೆ ನಾಯಕನನ್ನು ಡೆತ್ ವ್ಯಾಲಿಯ ಮರುಭೂಮಿಯಲ್ಲಿ, ಶವವೊಂದರ ಕೈಗೆ ಬೇಡಿ ಬಿಗಿದ ಸ್ಥಿತಿಯಲ್ಲಿ ನಿಲ್ಲಿಸುತ್ತದೆ.

ಈ ಅಂತ್ಯ ಅತಿರೇಕದ್ದು, ಸಿದ್ಧಾಂತ ಅದರ ಸಮರ್ಥನೆಗೆ ಹೊಸೆದದ್ದು ಎನ್ನುವವರಿದ್ದಾರೆ. ಕಾಲಕ್ರಮ ಇದನ್ನು ಒಪ್ಪುವುದಿಲ್ಲ. ಬಹುಭಾಗ ಮೊದಲೇ ಬರೆದಿದ್ದನೇನೋ ನಿಜ. ಕಾದಂಬರಿಯನ್ನು ಮುಗಿಸಿದ್ದು ಮಾತ್ರ ಆ ಸಿದ್ಧಾಂತ ಮಂಡಿಸಿದ ಮೇಲೆ, 1897ರಲ್ಲಿ, ಕ್ಯಾಲಿಫೋರ್ನಿಯಾದ ಚಿನ್ನದ ಗಣಿಯೊಂದರ ಬಳಿ ಕೂತು. ನನ್ನ ಮಟ್ಟಿಗೆ, ಆ ಅಂತ್ಯ ಲೋಪವಲ್ಲ, ವಿಮರ್ಶಕ ಕಾದಂಬರಿಕಾರನಿಗೆ ಕೊಟ್ಟ ಧೈರ್ಯ.