ಹಳೇ ರೌಟರಿಗೆ ಮರುಹುಟ್ಟು

ಹಾನಗಲ್ಲಾಗಲಿ ಸವಣೂರಾಗಲಿ, ವೈಫೈ ರೌಟರ್ ‘ಹಳೇದಾಯಿತು’ ಎಂದಾಗ ಹಳಸಿರುವುದು ಎಷ್ಟೋ ಸಲ ಪೆಟ್ಟಿಗೆಯಲ್ಲ, ಅದರೊಳಗಿನ ಫರ್ಮ್‌ವೇರ್. ಕಂಪನಿ ಅಪ್‌ಡೇಟ್ ನಿಲ್ಲಿಸಿದರೆ ಭದ್ರತೆಯ ತೂತುಗಳು ಹಾಗೇ ಉಳಿಯುತ್ತವೆ. ಇದಕ್ಕೆ ಮದ್ದು ಮುಕ್ತ ಫರ್ಮ್‌ವೇರ್. ಲಿನಕ್ಸ್ ಬಳಸಿದ್ದ ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ರೌಟರಿನ ಸೋರ್ಸ್ ಕೋಡನ್ನು ಲಿನಕ್ಸ್‌ನ ಜಿಪಿಎಲ್ ಪರವಾನಗಿಯ ಷರತ್ತಿನಂತೆ ಕಂಪನಿ 2003ರಲ್ಲಿ ಬಿಡುಗಡೆ ಮಾಡಬೇಕಾಯಿತು. ಅದರಿಂದ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ಫರ್ಮ್‌ವೇರ್ ಹುಟ್ಟಿತು. ಹೆಸರಲ್ಲೇ ತಾಯಿಬೇರಿದೆ.

ಹೊಸ ಫರ್ಮ್‌ವೇರನ್ನು ರೌಟರಿಗೆ ಬರೆಯುವಾಗ ನಡುವೆ ಕರೆಂಟ್ ಹೋದರೆ? ಶಿಗ್ಗಾಂವಿ, ಹಿರೇಕೆರೂರಿನವರ ಈ ಅಂಜಿಕೆ ಸುಳ್ಳಲ್ಲ: ಅರ್ಧ ಬರೆದ ರೌಟರ್ ಇಟ್ಟಿಗೆಗೆ ಸಮ. ಯುಪಿಎಸ್ ಇಟ್ಟುಕೊಂಡೇ ಕೈಹಾಕಬೇಕು. ಮೊದಲು ಪೆಟ್ಟಿಗೆ ಮಗುಚಿ ಚೀಟಿ ಓದಿ. ಮಾದರಿ ಒಂದೇ ಆದರೂ ಆವೃತ್ತಿ ಬೇರೆಯಾದರೆ ಒಳಗಿನ ಚಿಪ್ಪೇ ಬೇರೆ ಇರಬಹುದು. ಎಲ್ಲಕ್ಕೂ ಮರುಹುಟ್ಟಿಲ್ಲ: 4 ಎಂಬಿ ಫ್ಲ್ಯಾಶ್, 32 ಎಂಬಿ ರ‍್ಯಾಮ್‌ನವಕ್ಕೆ ಓಪನ್‌ಡಬ್ಲ್ಯುಆರ್‌ಟಿ 19.07ರ ನಂತರ ಅಧಿಕೃತ ಬಿಲ್ಡ್ ಸಿಗದು. ಅಂಥವನ್ನು ಕಲಿಯಲು ಬಿಚ್ಚಿಡಬಹುದು, ಮನೆಯ ಬಾಗಿಲು ಕಾಯಲು ಬೇಡ.