ಮೊದಲು ಕೂರುವುದನ್ನು ಕಲಿಯಬೇಕು

ತಿ. ನರಸೀಪುರ ತಾಲ್ಲೂಕಿನ ಕುರುಬೂರು ನಮ್ಮ ನಂಜನಗೂಡಿಗೆ ದೂರದ ಊರೇನಲ್ಲ. ಆ ಹಳ್ಳಿಯ ಬಿ. ಚೈತ್ರಾ 2025ರ ಜನವರಿ 19ರಂದು ದೆಹಲಿಯಲ್ಲಿ ಖೋ ಖೋ ವಿಶ್ವಕಪ್ ಫೈನಲ್ ಆಡಿದರು. ಅದು ಮೊಟ್ಟಮೊದಲ ವಿಶ್ವಕಪ್. ನಮ್ಮ ವನಿತೆಯರು ನೇಪಾಳವನ್ನು 78–40ರಿಂದ ಸೋಲಿಸಿದರು. ಕೊನೆಯ ಸರದಿಯಲ್ಲಿ ಚೈತ್ರಾ ಇದ್ದ ಗುಂಪು 5 ನಿಮಿಷಕ್ಕೂ ಹೆಚ್ಚು ಹೊತ್ತು ಎದುರಾಳಿಗಳಿಗೆ ಸಿಗದೆ ಓಡಿತು. ಒಂದು ಸರದಿ ಇರುವುದೇ 7 ನಿಮಿಷ!

ಅಂದಿನಿಂದ ನನ್ನ ಮೊಮ್ಮಗಳಿಗೂ ಖೋ ಖೋ ಹುಚ್ಚು. ಒಂದು ವಾರ ಮೈದಾನಕ್ಕೆ ಹೋಗಿ ಬಂದವಳು ಮುಖ ಊದಿಸಿಕೊಂಡು ಕೂತಳು.

“ತಾತ, ಸರ್ ನನ್ನನ್ನ ಬರೀ ಕೂರಿಸ್ತಾರೆ. ಓಡೋಕೇ ಬಿಡಲ್ಲ.”

30 ವರ್ಷ ದೈಹಿಕ ಶಿಕ್ಷಕನಾಗಿದ್ದ ನಾನೂ ಕೂರಿಸುತ್ತಿದ್ದೆ. ಮಕ್ಕಳೇ, ಬೆನ್ನಟ್ಟುವ ತಂಡದ 9 ಜನರಲ್ಲಿ 8 ಜನ ಕೂತೇ ಇರುತ್ತಾರೆ, ಒಬ್ಬರು ಈ ಕಡೆ ಮುಖ, ಇನ್ನೊಬ್ಬರು ಆ ಕಡೆ. ಬೆನ್ನಟ್ಟುವವರು ಓಡಿದ ದಿಕ್ಕಿನಿಂದ ಹಿಂದಕ್ಕೆ ತಿರುಗುವಂತಿಲ್ಲ, ಕೂತವರ ನಡುವೆ ನುಸುಳುವಂತಿಲ್ಲ. ಆದ್ದರಿಂದ ಕೂತವರ ಕಣ್ಣು ಓಡುವವರ ಮೇಲೆ, ಕಿವಿ ಬೆನ್ನ ಹಿಂದೆ ಇರಬೇಕು. ‘ಖೋ’ ಬೀಳುವ ಮೊದಲೇ ಎದ್ದರೆ ಫೌಲ್, ಎದ್ದದ್ದು ತಡವಾದರೆ ಎದುರಾಳಿ ಮಾಯ. ಕೂತಲ್ಲಿಂದ ಚಿಮ್ಮುವ ಆ ಮೊದಲ ಹೆಜ್ಜೆಗೇ ತಿಂಗಳುಗಟ್ಟಲೆ ಬೇಕು. ಆಮೇಲೆ ಕಂಬ ಹಿಡಿದು ತಿರುಗುವುದು, ಚೈನ್ ಆಟ, ರಿಂಗ್ ಆಟ. ಡೈವ್ ಹೊಡೆಯುವುದು ಭುಜ ಗಟ್ಟಿಯಾದ ಮೇಲೆ, ಅದೂ ಹದವಾದ ಮಣ್ಣಿನಲ್ಲಿ. ಟಿವಿಯಲ್ಲಿ ನೋಡಿ ಮೊದಲ ದಿನವೇ ಡೈವ್ ಕೇಳುವ ಅಪ್ಪಂದಿರನ್ನು ನಾನು ಗೇಟಿನಾಚೆಗೇ ಕಳಿಸುತ್ತಿದ್ದೆ.

ನಿಜವಾದ ಕಷ್ಟ ಬೇರೆಯೇ ಇದೆ. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಶಾಲಾ ಪಂದ್ಯಗಳಿಗೆ ಇಷ್ಟು ಮೆಟ್ಟಿಲು. ಹೋಬಳಿಯಲ್ಲಿ ಗೆದ್ದ ಹುಡುಗಿ ತಾಲ್ಲೂಕಿನಲ್ಲಿ ಸೋತರೆ ಮನೆಯಲ್ಲಿ “ಸಾಕು ಬಿಡು” ಅನ್ನುತ್ತಾರೆ. ಎಂಟನೆಯದೋ ಒಂಬತ್ತನೆಯದೋ ತರಗತಿಗೆ ಬಂದರಂತೂ ಸಂಜೆ ಆರರ ಮೇಲೆ ಮೈದಾನದಲ್ಲಿ ಯಾಕೆ ಎಂಬ ಪ್ರಶ್ನೆ. ಆಟ ಕೈಗೆ ಹತ್ತುವ ಹೊತ್ತಿಗೆ ಎಷ್ಟೋ ಹೆಣ್ಣುಮಕ್ಕಳು ಹೀಗೆ ಮನೆ ಸೇರಿದ್ದನ್ನು ಕಂಡಿದ್ದೇನೆ.

ನನ್ನ ಶಿಷ್ಯೆಯೊಬ್ಬಳು ಉಳಿದುಕೊಂಡದ್ದು ಅವಳಜ್ಜಿಯಿಂದ. ದಿನಾ ಸಂಜೆ ಎಲೆಅಡಿಕೆ ಚೀಲ ಹಿಡಿದು ಬಂದು ಬೇವಿನ ಮರದ ಬುಡದಲ್ಲಿ ಕೂರೋರು. ಆಟದ ನಿಯಮ ಒಂದೂ ಗೊತ್ತಿಲ್ಲ. ಅಭ್ಯಾಸ ಮುಗಿದ ಮೇಲೆ ಮೊಮ್ಮಗಳ ಮಂಡಿಯ ಮಣ್ಣು ಕೊಡವಿ, ಒಂದು ರಸಬಾಳೆಹಣ್ಣು ಕೊಟ್ಟು, ಬಸ್ ಹತ್ತಿಸಿಕೊಂಡು ಹೋಗೋರು. ಎರಡು ವರ್ಷ ತಾಲ್ಲೂಕು ಮಟ್ಟದಲ್ಲೇ ಸೋತೆವು. ಎರಡನೇ ಸಲ ಸೋತ ದಿನ ಹುಡುಗಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅಜ್ಜಿ ನನ್ನ ಹತ್ತಿರ ಬಂದು ಕೇಳಿದ್ದು ಒಂದೇ ಮಾತು:

“ಮುಂದಿನ ವರ್ಷದ ಆಟ ಯಾವಾಗ ಮೇಷ್ಟ್ರೇ?”